ಒನ್ನಯ್ಯ ಅಂದರೂ ಹೊನ್ನಯ್ಯನೇ

ನನ್ನ ಗಂಡ ಹೊನ್ನಯ್ಯ ಪ್ರೈವೇಟ್ ಬಸ್ಸಿನಲ್ಲಿ ಇಪ್ಪತ್ತೈದು ವರ್ಷ ಕಂಡಕ್ಟರ್ ಆಗಿದ್ದರು. ಮಂಡ್ಯ, ಮಳವಳ್ಳಿ, ಹಲಗೂರು ರೂಟು. ಹೋದ ವರ್ಷ ಯುಗಾದಿ ಕಳೆದ ಮೇಲೆ ಸತ್ತರು. ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಬಂದು ಕಾಫಿ ಕೇಳಿದರು. ನಾನು ಲೋಟ ಹಿಡಿದು ಬರುವುದರೊಳಗೆ ಗೋಡೆಗೆ ಒರಗಿಕೊಂಡ ಹಾಗೇ ಹೋಗಿದ್ದರು. ಅದರ ಬಗ್ಗೆ ಇಷ್ಟೇ ಬರೆಯೋದು.

ಅವರ ಬಾಯಲ್ಲಿ ‘ಹ’ ಬರುತ್ತಿರಲಿಲ್ಲ. ನಮ್ಮೂರಲ್ಲಿ ಯಾರಿಗೂ ಬರಲ್ಲ. ನನಗೂ ಬರಲ್ಲ. ಏಳನೇ ಕ್ಲಾಸು ಓದಿರೋದರಿಂದ ಬರೆಯುವಾಗ ಬರುತ್ತೆ, ಅಷ್ಟೇ. ಆದರೆ ಅವರದು ಬಸ್ಸಿನ ಗಂಟಲು. ಮಳವಳ್ಳಿ ಸ್ಟ್ಯಾಂಡಿನಲ್ಲಿ ನಿಂತು “ಅಲಗೂರ್, ಅಲಗೂರ್, ಅಲಗೂರ್” ಅಂತ ಕೂಗಿದರೆ ಮಾರ್ಕೆಟ್ಟಿನ ಆ ತುದಿಗೆ ಕೇಳೋದು. ಮಗಳು ರಂಜಿತ ಹೈಸ್ಕೂಲು ಸೇರಿದ ವರ್ಷ ಅವಳಿಗೆ ನಾಚಿಕೆ ಶುರುವಾಯಿತು. ಅಪ್ಪನಿಗೆ ಪಾಠ ಹೇಳೋಕೆ ಕೂತಳು.

“ಅಪ್ಪ, ಹ ಅನ್ನು.”

“ಅ.”

“ಹೊಟ್ಟೆಯಿಂದ ಉಸಿರು ಬಿಡಪ್ಪ. ಹಾ.”

“ಆ.”

ಒಂದು ತಿಂಗಳು ಬಿಡಲಿಲ್ಲ ಅವಳು. ಕೊನೆಗೆ ‘ಹ’ ಬಂತು. ಬೇಡದ ಕಡೆಗೆಲ್ಲ ಬಂತು. ಮಂಡ್ಯದ ಹೋಟ್ಲಲ್ಲಿ ಕೂತು, “ಎರಡು ಹಿಡ್ಲಿ ಕೊಡಪ್ಪ” ಅಂದರು. ಸಪ್ಲೈಯರ್ ಪಾಪ, “ಏನು ಹಿಡೀಬೇಕು ಸಾರ್?” ಅಂದ. ಪಕ್ಕದ ಟೇಬಲ್ಲಿನವರು ಬಾಯಲ್ಲಿದ್ದ ಕಾಫಿ ಉಗಿದರು. ಅವತ್ತಿಗೆ ಪಾಠ ನಿಂತಿತು. “ಸಾಕು ಬುಡವ್ವ. ನಾನು ಎಂಗೆ ಕೂಗಿದ್ರೂ ಬಸ್ಸು ಅಲಗೂರಿಗೇ ಓಯ್ತದೆ” ಅಂದುಬಿಟ್ಟರು.

ರಂಜಿತ ಮಂಡ್ಯದಲ್ಲಿ ಬಿಎಸ್ಸಿ ಮುಗಿಸಿದಳು. ರೇಷ್ಮೆ ವಿಷಯ. ಅಪ್ಪ ಸತ್ತ ಮೇಲೆ ಆರು ತಿಂಗಳು ಪುಸ್ತಕ ಮುಟ್ಟಲಿಲ್ಲ. ಆಮೇಲೆ ಯಾವಾಗ ಅರ್ಜಿ ಹಾಕಿದಳೋ, ಒಂದು ದಿನ ಜಪಾನಿನಲ್ಲಿ ಸೀಟು ಸಿಕ್ಕಿದೆ, ಖರ್ಚೆಲ್ಲ ಅವರದೇ, ಎರಡು ವರ್ಷ ರೇಷ್ಮೆ ಹುಳದ ಮೇಲೆ ಓದು ಅಂದಳು.

“ರೇಷ್ಮೆ ಹುಳ ನೋಡಕೆ ಜಪಾನಿಗ್ಯಾಕೆ ಓಗ್ಬೇಕು? ಇತ್ಲು ರೂಮಲ್ಲಿ ತಟ್ಟೆಗಟ್ಲೆ ಬಿದ್ದವೆ.”

“ಅವ್ವ, ನಿನ್ನ ಹುಳ ಸೊಪ್ಪು ತಿಂದು ಗೂಡು ಕಟ್ತವೆ. ಅವು ಯಾಕೆ ಹಂಗೆ ಮಾಡ್ತವೆ ಅಂತ ಓದೋಕೆ ಹೋಗ್ತಿರೋದು.”

“ಸೊಪ್ಪು ಆಕ್ತೀವಲ್ಲ, ಅದಕ್ಕೆ” ಅಂದೆ. ಅವಳು ನಕ್ಕಳು. ಅಪ್ಪ ಸತ್ತ ಮೇಲೆ ಅದೇ ಮೊದಲು ನಕ್ಕಿದ್ದು. ಅವಳು ಹೋಗಲೇಬೇಕು ಅಂತ ನಾನು ಅವಾಗಲೇ ತೀರ್ಮಾನ ಮಾಡಿದೆ.

ಮಂಡ್ಯದಲ್ಲಿ ಫಾರಿನ್ನಿಗೆ ಹೋಗೋರ ಕಾಗದ ನೋಡೋ ಒಂದು ಆಫೀಸಿದೆ. ಅಲ್ಲಿ ವೀಣ ಅಂತ ಒಬ್ಬಳು ಹುಡುಗಿ. ನಮ್ಮ ಕಾಗದ ಹರಡಿಕೊಂಡು ಒಂದೊಂದೇ ನೋಡಿದಳು. ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್, ನನ್ನ ಗಂಡನ ಮರಣ ಪತ್ರ ಎಲ್ಲ ಸರಿ ಅಂದಳು. ರಂಜಿತಳ ಜನನ ಪತ್ರ ಕೈಗೆ ತಗೊಂಡು ನಿಂತುಬಿಟ್ಟಳು.

“ಆಂಟಿ, ಇಲ್ಲಿ ಒಂದು ಎಚ್ ಕಮ್ಮಿ ಇದೆ.”

“ಎಚ್ಚೋ ಕಮ್ಮಿಯೋ, ಯಾವ್ದಾದ್ರೂ ಒಂದು ಯೋಳವ್ವ.”

“ಇಂಗ್ಲಿಷಿನ ಎಚ್ ಆಂಟಿ. ಇದರಲ್ಲಿ ತಂದೆ ಹೆಸರು ಒನ್ನಯ್ಯ ಅಂತಿದೆ.”

ಆಗ ನನಗೆ ತಿಳಿಯಿತು. ನನ್ನ ತವರು ಮದ್ದೂರು, ಹೆರಿಗೆ ಅಲ್ಲೇ ಆಯಿತು. ಮಗೂನ ಹೆಸರು ಬರೆಸೋಕೆ ಇವರೇ ಹೋಗಿದ್ದರು. ತಂದೆ ಹೆಸರೇನು ಅಂತ ಕೇಳಿರುತ್ತಾರೆ. ಇವರು ಬಸ್ಸಿನ ಗಂಟಲಲ್ಲಿ ಹೇಳಿರುತ್ತಾರೆ. ಕೇಳಿದ್ದನ್ನು ಬರೆದಿದ್ದಾರೆ. ಇಪ್ಪತ್ತಮೂರು ವರ್ಷ ಯಾರೂ ಅದರ ಮುಖ ನೋಡಿಲ್ಲ.

“ಒಂದಕ್ಷರ ತಾನೆ?”

“ಒಂದಕ್ಷರಕ್ಕೆ ಇಬ್ಬರು ಮನುಷ್ಯರಾಗ್ತಾರೆ ಆಂಟಿ. ಇವಳ ತಂದೆ ಒನ್ನಯ್ಯ. ಸತ್ತಿರೋದು ಹೊನ್ನಯ್ಯ. ಹಂಗಾದ್ರೆ ಒನ್ನಯ್ಯ ಎಲ್ಲಿದ್ದಾರೆ ಅಂತ ಕೇಳ್ತಾರೆ.”

“ನಾನೂ ಅದನ್ನೇ ಕೇಳ್ತಾ ಇವ್ನಿ” ಅಂದೆ.

ಆ ಹುಡುಗಿ ತಲೆ ತಗ್ಗಿಸಿದಳು. ಆಮೇಲೆ ಮೆತ್ತಗೆ ಹೇಳಿದಳು. ಇಬ್ಬರೂ ಒಬ್ಬರೇ ಅಂತ ತಾಲ್ಲೂಕು ಕಚೇರಿಯಿಂದ ಪತ್ರ ಬೇಕು. ಇಪ್ಪತ್ತು ದಿನದೊಳಗೆ ಕಾಗದ ಹೋಗದಿದ್ದರೆ ಸೀಟು ಇನ್ನೊಬ್ಬರಿಗೆ.

ಅರ್ಜಿ ಕೊಟ್ಟೆವು. ಒಂಬತ್ತನೇ ದಿನ ಗ್ರಾಮ ಲೆಕ್ಕಿಗ ಊರಿಗೆ ವಿಚಾರಣೆಗೆ ಬಂದ. ಹೊಸ ಹುಡುಗ, ಬೇರೆ ಜಿಲ್ಲೆಯವನು. ಬರ್ತೀನಿ ಅಂತ ಮುಂಚೆ ಹೇಳಲಿಲ್ಲ. ನಾನು ಹುಳಕ್ಕೆ ಸೊಪ್ಪು ಹಾಕ್ತಿದ್ದೆ. ಅರಳಿಕಟ್ಟೆ ಮೇಲೆ ಕೂತಿದ್ದ ಮುದ್ದಯ್ಯನನ್ನ ಹಿಡಿದುಕೊಂಡಿದ್ದಾನೆ. ಮುದ್ದಯ್ಯ ನಮ್ಮೂರಿಗೆಲ್ಲ ಹಿರಿಯ.

“ಅಜ್ಜ, ನಿಮ್ಮೂರಲ್ಲಿ ಹೊನ್ನಯ್ಯ ಅಂತ ಗೊತ್ತಾ?”

“ಅಂತೋರು ಯಾರೂ ಇಲ್ಲ ಕಣಪ್ಪ.”

“ಸರಿಯಾಗಿ ಯೋಚನೆ ಮಾಡಿ. ಹೊನ್ನಯ್ಯ.”

“ನಂಗೆ ಎಂಬತ್ತು ವರ್ಸ. ಗೊತ್ತಿಲ್ದೆ ಓಯ್ತದಾ? ಇಲ್ಲ ಅಂದ್ರೆ ಇಲ್ಲ.”

“ಒನ್ನಯ್ಯ?”

“ಓ, ನಮ್ ಬಸ್ಸಿನ ಒನ್ನಯ್ಯ! ಬಂಗಾರದಂತ ಮನುಸ. ನನ್ನ ಕೋಳೀನ ಟಿಕೀಟು ಇಲ್ದೆ ಕರ್ಕೊಂಡೋಗೋನು.”

ಲೆಕ್ಕಿಗ ಬರೆದುಕೊಂಡ. ಮುದ್ದಯ್ಯನ ಹೆಬ್ಬೆಟ್ಟು ಒತ್ತಿಸಿಕೊಂಡ. ನಾನು ಕೈ ತೊಳೆದುಕೊಂಡು ಬರೋ ಹೊತ್ತಿಗೆ ಬೈಕು ಹೋಗಿತ್ತು.

“ಏನ್ ಮುದ್ದಯ್ಯ, ನನ್ ಗಂಡ ಈ ಊರಲ್ಲಿ ಉಟ್ಟೇ ಇಲ್ಲ ಅಂದ್ಬುಟ್ಯಂತಲ್ಲ!”

“ನಂಗೇನವ್ವ ಗೊತ್ತು? ಅವ್ನು ಯಾರೋ ದೊಡ್ಡ ಮನುಸನ ಎಸ್ರು ಕೂಗ್ದಂಗೆ ಕೂಗ್ದ. ನಮ್ ಒನ್ನಯ್ಯ ಅಂತ ಎಂಗೆ ತಿಳ್ಕೊಳ್ಳದು?”

“ಕೋಳಿ ವಿಸ್ಯ ಮಾತ್ರ ಚೆಂದಾಗಿ ಯೋಳಿದ್ದೀಯ.”

“ಅದು ದಿಟ ಅಲ್ವಾ?” ಅಂದ.

ಹದಿನೆಂಟನೇ ದಿನ ನಾನೂ ರಂಜಿತಳೂ ತಹಶೀಲ್ದಾರ್ ಸಾಹೇಬರ ಮುಂದೆ ನಿಂತೆವು. ಸಾಹೇಬರು ಉಡುಪಿ ಕಡೆಯವರು. ಮಾತಾಡಿದರೆ ಪುಸ್ತಕ ಓದಿದ ಹಾಗೆ. ವರದಿಯನ್ನ ಎರಡು ಸಲ ನೋಡಿದರು.

“ಅಮ್ಮ, ಇದು ವಿಚಿತ್ರವಾಗಿದೆ. ಹೊನ್ನಯ್ಯ ಎನ್ನುವವರು ಆ ಊರಿನಲ್ಲಿ ಇರಲೇ ಇಲ್ಲ, ಆದರೆ ಸತ್ತಿದ್ದಾರೆ. ಒನ್ನಯ್ಯ ಎನ್ನುವವರು ಇದ್ದರು, ಅವರು ಸತ್ತ ದಾಖಲೆ ಇಲ್ಲ.”

“ಇದ್ರೆ ಕಳಿಸ್ಕೊಡಿ ಬುದ್ಧಿ. ಮನೇಲಿ ಕೆಲ್ಸ ಬೇಕಾದಷ್ಟದೆ.”

ರಂಜಿತ ನನ್ನ ಸೀರೆ ಹಿಡಿದು ಜಗ್ಗಿದಳು. ಸಾಹೇಬರಿಗೆ ಸಿಟ್ಟು ಬರಲಿಲ್ಲ. ಪೆನ್ನು ಕೆಳಗಿಟ್ಟರು.

“ನೋಡಿ, ವರದಿ ನಿಮಗೆ ವಿರೋಧವಾಗಿದೆ. ನಾನು ಸುಮ್ಮನೆ ಸಹಿ ಹಾಕಲು ಆಗುವುದಿಲ್ಲ. ಪ್ರಮಾಣ ಮಾಡಿ, ನಿಮ್ಮ ಗಂಡನ ಹೆಸರು ನಿಮ್ಮ ಬಾಯಿಂದಲೇ ಹೇಳಿ. ದಾಖಲಿಸುತ್ತೇನೆ.”

ನಾನು ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಗಂಡನ ಹೆಸರನ್ನ ನಮ್ಮಲ್ಲಿ ಹೆಂಗಸರು ಹೇಳಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಹೇಳಿಲ್ಲ. ಕರೆಯಬೇಕಾದರೆ “ಇಲ್ನೋಡಿ” ಅಂತಿದ್ದೆ. ಬಸ್ಸಲ್ಲಿ ಹಾಗೆ ಕರೆದರೆ ಹತ್ತು ಗಂಡಸರು ತಿರುಗೋರು, ಇವರೊಬ್ಬರನ್ನು ಬಿಟ್ಟು. ಸತ್ತ ಮೇಲೆ ಹೇಳಬಹುದು ಅಂತ ಯಾರೂ ನನಗೆ ಹೇಳಿರಲಿಲ್ಲ.

“ಅವ್ವ, ಹೇಳವ್ವ. ಇದೊಂದ್ಸಲ” ಅಂದಳು ರಂಜಿತ. ಅವಳ ಕಣ್ಣಲ್ಲಿ ನೀರಿತ್ತು. ಅವಳಿಗೆ ಉಳಿದಿದ್ದದ್ದು ಎರಡು ದಿನ.

ಹೇಳೋಣ ಅಂತಲೇ ಇದ್ದೆ. ಬಾಗಿಲಲ್ಲಿ ಅಟೆಂಡರ್ ಚಿಕ್ಕಣ್ಣ ನಿಂತಿದ್ದ. ಅವನನ್ನ ತೋರಿಸಿದೆ.

“ಬುದ್ಧಿ, ನನ್ ಕೈಲಾಗಲ್ಲ. ಇವ್ರ ಕೈಲಿ ಓದ್ಸಿ. ಅವ್ರು ಓದಿದ್ದೇ ನನ್ ಗಂಡನ ಎಸ್ರು.”

ಸಾಹೇಬರು ಮರಣ ಪತ್ರ ಅವನ ಕೈಗೆ ಕೊಟ್ಟರು. ಚಿಕ್ಕಣ್ಣ ಕನ್ನಡಕ ಏರಿಸಿ, ಕೋರ್ಟಿನಲ್ಲಿ ಕೂಗೋ ಹಾಗೆ ಕೂಗಿದ:

“ಒನ್ನಯ್ಯ!”

“ಸರಿಯಾಗಿ ಓದಿ ಚಿಕ್ಕಣ್ಣ. ಅಲ್ಲಿ ಬರೆದಿರುವಂತೆ.”

“ಸರ್ಯಾಗೇ ಓದ್ದೆ ಸಾ. ಒನ್ನಯ್ಯ.”

ಸಾಹೇಬರು ಜನನ ಪತ್ರ ಕೊಟ್ಟರು.

“ಒನ್ನಯ್ಯ” ಅಂದ ಚಿಕ್ಕಣ್ಣ.

“ಎರಡಕ್ಕೂ ಏನು ವ್ಯತ್ಯಾಸ?”

ಚಿಕ್ಕಣ್ಣ ಎರಡನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡಿದ. “ಇದ್ರಲ್ಲಿ ಸೀಲು ವಸಿ ಮಾಸೈತೆ ಸಾ. ಇನ್ನೇನಿಲ್ಲ.”

ಸಾಹೇಬರು ಒಳಗಿನಿಂದ ಗುಮಾಸ್ತೆ ನಾಗಮಣಿಯನ್ನ ಕರೆದರು. ಮರಣ ಪತ್ರ ಕೊಟ್ಟು ಓದಿಸಿದರು. ಆಕೆ ಡಿಗ್ರಿ ಓದಿದವಳು.

“ಒನ್ನಯ್ಯ ಸಾರ್. ಯಾಕೆ ಸಾರ್?”

ಸಾಹೇಬರು ಮೇಜಿನ ಮೇಲೆ ಕೈಯಿಟ್ಟು ನಕ್ಕರು. ಕಣ್ಣಲ್ಲಿ ನೀರು ಬರೋ ತನಕ ನಕ್ಕರು. ನಾಗಮಣಿಗೂ ಚಿಕ್ಕಣ್ಣನಿಗೂ ಯಾಕೆ ಅಂತ ಗೊತ್ತಾಗಲಿಲ್ಲ. ಆಮೇಲೆ ಪೆನ್ನು ತಗೊಂಡು, ಈ ಭಾಗದ ಉಚ್ಚಾರದಿಂದ ಆದ ಬರಹದ ಭೇದ, ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಅಂತ ಬರೆದರು. ಹೊನ್ನಯ್ಯ ಅಲಿಯಾಸ್ ಒನ್ನಯ್ಯ.

“ಅಲಿಯಾಸ್ ಅಂತ ಕಳ್ರಿಗೆ ಆಕ್ತಾರಲ್ವಾ ಬುದ್ಧಿ?” ಅಂದೆ.

“ಕಳ್ಳರಿಗೂ ಹಾಕುತ್ತಾರೆ, ಕಂಡಕ್ಟರಿಗೂ ಹಾಕುತ್ತಾರೆ” ಅಂತ ಸಹಿ ಹಾಕಿ ಸೀಲು ಒತ್ತಿಸಿದರು.

ವೀಣ ಮಾರನೇ ದಿನವೇ ಕಾಗದ ಕಳಿಸಿದಳು. ಎರಡು ವಾರಕ್ಕೆ ಪಾಸ್‌ಪೋರ್ಟು ವಾಪಸ್ಸು ಬಂತು. ರಂಜಿತ ಹಾಳೆ ತೆಗೆದು ವೀಸಾ ತೋರಿಸಿದಳು. ಬಣ್ಣಬಣ್ಣದ ಚೀಟಿ, ಮೂಲೇಲಿ ಅವಳ ಫೋಟೋ. ನಾನು ಹಿಂದಕ್ಕೂ ಮುಂದಕ್ಕೂ ತಿರುಗಿಸಿದೆ.

“ನಿಮ್ಮಪ್ಪನ ಎಸ್ರು ಎಲ್ಲದೆ ಇದ್ರಲ್ಲಿ?”

“ವೀಸಾದಲ್ಲಿ ಅಪ್ಪನ ಹೆಸರು ಬರಲ್ಲ ಕಣವ್ವ.”

“ಮತ್ತೆ ಅಷ್ಟೊಂದು ಅಲೆಸಿದ್ರಲ್ಲ?”

“ಅದು ಅವರ ಫೈಲಿಗೆ.”

ನಾನು ನಕ್ಕೆ. ಅವಳೂ ನಕ್ಕಳು. ಅತ್ತೆವು ಕೂಡ, ಅದೇನು ಬರೆಯೋ ವಿಷಯ ಅಲ್ಲ.

ಅವಳು ಹೋಗಿ ನಾಲ್ಕು ತಿಂಗಳಾಯಿತು. ಚೆನ್ನಾಗಿ ಓದ್ತಿದ್ದಾಳೆ. ಆ ಇಪ್ಪತ್ತು ದಿನ ಒಂದೊಂದು ಕಿಟಕಿ, ಒಂದೊಂದು ಬಾಗಿಲಲ್ಲಿ ಯಾರಾದರೂ ನನ್ನ ಗಂಡನ ಹೆಸರು ಗಟ್ಟಿಯಾಗಿ ಕೂಗುತ್ತಲೇ ಇದ್ದರು. ಕೂಗಿದಾಗೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಈಗ ಕೆಲಸ ಆಗಿದೆ. ಯಾರೂ ಕೂಗಲ್ಲ.