ಚಿಕ್ಕಮಾದಮ್ಮ ಕೇಳಿದ ಕಡ್ಡಿ

ಮಳವಳ್ಳಿಯ ಹುಚ್ಚೀರಯ್ಯನ ಕೊಟ್ಟಿಗೆಯಲ್ಲಿ ರೇಷ್ಮೆ ಬಿಚ್ಚುವ ಕೆಲಸಕ್ಕೆ ಸೇರಿದ ಹೊಸಬರು ಮೊದಲು ಚರಕ ತಿರುಗಿಸಬೇಕಿತ್ತು. ಬಿಸಿನೀರಲ್ಲಿ ತೇಲುವ ಗೂಡಿನಿಂದ ಎಳೆ ಎತ್ತುವ ಕಡ್ಡಿಯನ್ನು ಯಜಮಾನನೇ ಆಯುಧಪೂಜೆಯ ದಿನ ಎಲ್ಲರೆದುರು ಕೈಗಿಡಬೇಕು. ಆಗಲೇ ಅವರು ಕೆಲಸ ಕಲಿತವರು. ಕಡ್ಡಿ ಸಿಗದವರು ಎಷ್ಟು ವರ್ಷವಾದರೂ ತಿರುಗಿಸುವವರೇ.

ಚಿಕ್ಕಮಾದಮ್ಮ ಗಂಡ ಸತ್ತ ಮೇಲೆ ಅಲ್ಲಿ ಸೇರಿದವಳು. ತಿರುಗಿಸುತ್ತಲೇ ನೋಡಿ ನೋಡಿ ಕೆಲಸ ಕಲಿತಳು. ಪ್ರತಿ ಪೂಜೆಗೂ ಕೈಯೊಡ್ಡಿ ನಿಂತಳು. ಅವಳಿಗಿಂತ ಈಚೆಗೆ ಬಂದವರಿಗೆಲ್ಲ ಕಡ್ಡಿ ಸಿಕ್ಕಿತು.

“ನಂಗ್ಯಾವಾಗ ಕೊಟ್ಟೀರಿ, ಅಯ್ಯಾ?”

“ಮುಂಡೆ ಕೈಗೆ ಪೂಜೆ ಕಡ್ಡಿ ಕೊಟ್ರೆ ನನ್ ಕೊಟ್ಗೆ ಉಳೀತದಾ? ನಾಳೆ ನೋಡಾನ, ಓಗು.”

ಎಲ್ಲರೂ ನಕ್ಕರು. ಅವಳು ಹೊರಗೆ ಬಂದವಳು ವರ್ಷಗಟ್ಟಲೆ ಆ ಹೊಸ್ತಿಲು ದಾಟಲಿಲ್ಲ.

ತಮ್ಮನ ದನದ ಕೊಟ್ಟಿಗೆಯಲ್ಲಿ ತಾನೇ ಒಂದು ಚರಕ ಹೂಡಿದಳು. ಯುದ್ಧ ಬಂದು ರೇಷ್ಮೆಗೆ ಬೇಡಿಕೆ ಏರಿದಾಗ ಚರಕಗಳೂ ಹೆಚ್ಚಿದವು. ಕೆಲಸಕ್ಕೆ ಬೇರೆಲ್ಲೂ ಜನ ಹುಡುಕಲಿಲ್ಲ. ಹುಚ್ಚೀರಯ್ಯನ ಕೆಲಸದ ಹುಡುಗಿಯರನ್ನೇ ಬಾವಿಕಟ್ಟೆಯಲ್ಲಿ ಮಾತಾಡಿಸಿದಳು.

“ಬಾ ಕಣಮ್ಮಿ. ನನ್ ತಾವು ಮೊದಲ್ನೇ ದಿನಾನೇ ಕಡ್ಡಿ.”

ಬಂದವರು ಎಳೆ ಕಿತ್ತರೂ ಬೈಯಲಿಲ್ಲ. ಬೈದರೆ ಅಲ್ಲಿಗೇ ಹಿಂದಿರುಗಿಯಾರು! ಸಂಜೆ ದೀಪ ಹಚ್ಚಿ ದೇವರಲ್ಲಿ ಬೇಡುತ್ತಿದ್ದುದೂ ಒಂದೇ: ಹುಚ್ಚೀರಯ್ಯ ಕಡ್ಡಿ ಹಿಡಿದು ತನ್ನ ಬಾಗಿಲಿಗೆ ಬರಬೇಕು.

ಒಂದು ದಸರೆಗೆ ಅವನು ಬಂದ. ಮನೆ ತುಂಬ ಗೂಡು ಕೊಂಡಿದ್ದ, ಬಿಚ್ಚುವ ಕೈಗಳೇ ಉಳಿದಿರಲಿಲ್ಲ. ಹುಳು ಸಾಯುವಂತೆ ಆವಿ ಕೊಟ್ಟು ಬಿಸಿಲಲ್ಲಿ ಒಣಗಿಸೋಣವೆಂದರೆ ವಾರದಿಂದ ಮೋಡ. ನಾಳೆಯೋ ನಾಡಿದ್ದೋ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿತೆಂದರೆ ಎಳೆ ತುಂಡುತುಂಡು, ಮತ್ತೆ ಬಿಚ್ಚಲಾಗದು.

“ಹುಡ್ಗೀರ್ನ ಕಳ್ಸವ್ವ, ನಿನ್ ಕಾಲಿಗ್ ಬೀಳ್ತೀನಿ.”

“ಕಾಲು ಬ್ಯಾಡ ಬುಡಿ. ನಾಳೆ ಆಯುಧಪೂಜೆ. ಎಲ್ರ ಮುಂದೆ ನನ್ ಕೈಗೆ ಕಡ್ಡಿ ಕೊಡಿ, ಕರ್ಕೊಂಡ್ ಬತ್ತೀನಿ.”

ಗಾಬರಿಯಲ್ಲಿ ಅವನಿಗೆ ಕಡ್ಡಿಯೊಂದೇ ಕಂಡಿತು, ಪೂಜೆಯ ದಿನದ ಕಟ್ಟು ನೆನಪಾಗಲಿಲ್ಲ. ಬೆಳಿಗ್ಗೆ ಅವಳ ಕೊಟ್ಟಿಗೆಗೆ ಬಂದು, ತಾನೇ ಕಲಿಸಿದ ಹುಡುಗಿಯರ ಎದುರು ತಲೆತಗ್ಗಿಸಿ ಕಡ್ಡಿ ಕೊಟ್ಟ. ಚಿಕ್ಕಮಾದಮ್ಮ ಕಣ್ಣಿಗೊತ್ತಿಕೊಂಡಳು. ಚರಕಗಳ ಮುಂದೆ ಇಟ್ಟು ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟಳು.

“ಏಳವ್ವ, ಓಗಾನ. ಒತ್ತಾಯ್ತದೆ,” ಎಂದ ಹುಚ್ಚೀರಯ್ಯ.

“ಪೂಜೆಗಿಟ್ಟ ಕಡ್ಡೀನ ಇವತ್ತು ಮುಟ್ಟಂಗುಂಟಾ, ಅಯ್ಯಾ? ನೀವೇ ಕಲ್ಸಿದ್ದು. ನಾಳೆ ನೋಡಾನ, ಓಗಿ.”

ಈ ಸಲ ಯಾರೂ ನಗಲಿಲ್ಲ.

ಮಾತಿಗೆ ತಪ್ಪದೆ ಮಾರನೆಯ ಬೆಳಿಗ್ಗೆ ಹುಡುಗಿಯರೊಡನೆ ಅವನ ಮನೆಗೆ ಹೋದಳು. ನೆಲ, ಗೋಡೆ, ಹುಚ್ಚೀರಯ್ಯನ ಹೆಗಲ ವಸ್ತ್ರದ ಮೇಲೆಲ್ಲ ಬಿಳಿ ಚಿಟ್ಟೆಗಳು ಹರಿದಾಡುತ್ತಿದ್ದವು. ಚಿಕ್ಕಮಾದಮ್ಮ ತೂತುಬಿದ್ದ ಗೂಡೊಂದನ್ನು ಆಯ್ದು, ಅವನ ಎದುರು ಕುಳಿತು, ಕಡ್ಡಿ ಚಾಚಿದಳು.

“ಎಳೆ ಎತ್ತಿ ತೋರ್ಸಿ, ಅಯ್ಯಾ. ಕಲ್ತ್ಕೊತೀನಿ.”