ಗೊರಾಯಿಯ ಕರಿಮರಳಿನಲ್ಲಿ ಚಿನ್ನ ತೊಳೆದ ದಿನ

ಅಕ್ಟೋಬರದ ಒಂದು ಆದಿತ್ಯವಾರ ಬೆಳಿಗ್ಗೆ ದಹಿಸರ್ ಸ್ಟೇಷನ್ನಿನಿಂದ ಶಾಂತವ್ವ, ಅವಳ ಮಗಳು ಪೂಜಾ, ನಾನು, ಹೀಗೆ ನಾವು ಮೂವರು ಹೆಂಗಸರು ಚಿನ್ನ ಹುಡುಕಲು ಹೊರಟೆವು. ಟಿಕೆಟ್ಟು ತಲೆಗೆ ಐದು ರೂಪಾಯಿ. ಇಳಿಯಬೇಕಾದ ಬೋರಿವಲಿ ಮುಂದಿನ ಸ್ಟೇಷನ್ನೇ. ಇಷ್ಟು ಅಗ್ಗದಲ್ಲಿ ಚಿನ್ನಕ್ಕೆ ಹೋದವರು ಲೋಕದಲ್ಲಿ ಬೇರೆ ಯಾರೂ ಇರಲಾರರು. ಲೇಡೀಸ್ ಡಬ್ಬಿಯಲ್ಲಿ ಎದುರಿನ ಸೀಟಿನ ಹೆಂಗಸು ಶಾಂತವ್ವನ ತೊಡೆಯ ಮೇಲಿದ್ದ ಹಳೆ ಸೀರೆಯ ಗಂಟನ್ನು ನೋಡಿ, "ಬಚ್ಚಾ ಸೋ ರಹಾ ಹೈ ಕ್ಯಾ?" ಮಗು ಮಲಗಿದೆಯೇ ಎಂದು ಮೆಲ್ಲಗೆ ಕೇಳಿದಳು. ಶಾಂತವ್ವ ಹೌದೆಂದು ತಲೆಯಾಡಿಸಿದಳು. ಗಂಟಿನೊಳಗೆ ಇದ್ದದ್ದು ಅವಳ ತಾಯಿಯ ಕಾಲದ ಮರದ ಮರಿಗೆ, ಮರಳು ತೊಳೆಯುವ ಅಗಲ ಬಾಯಿಯ ಪಾತ್ರೆ. ಒಂದು ತುದಿ ಸವೆದು ತೆಳ್ಳಗಾಗಿತ್ತು.

ಶಾಂತವ್ವ ನಮ್ಮ ಬಿಲ್ಡಿಂಗಿನಲ್ಲಿ ನನ್ನ ಎದುರು ಮನೆಯವಳು. ಜೋಳದ ರೊಟ್ಟಿ ಬಡಿದು ಮಾರುತ್ತಾಳೆ, ಗಂಡ ಭಾಂಡುಪಿನ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ತವರು ಗದಗದ ಕಡೆ, ಕಪ್ಪತಗುಡ್ಡದ ಬುಡದ ಹಳ್ಳಿ. ಅವಳ ಹಿರಿಯರು ಜಾಲಗಾರರು, ಎಂದರೆ ಮಳೆ ನಿಂತ ಮೇಲೆ ಗುಡ್ಡದ ಹಳ್ಳಗಳ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದವರು. ಆ ಕಸುಬು ಹೋಗಿ ಎಷ್ಟೋ ಕಾಲವಾಯಿತು. ಆದರೆ ಒಂದು ಪದ್ಧತಿ ಉಳಿದಿದೆ: ಮಗಳ ತಾಳಿಯ ಗುಂಡಿಗೆ ತಾಯಿ ತೊಳೆದು ತಂದ ಚಿನ್ನ ಒಂದು ಸಾಸಿವೆಯಷ್ಟಾದರೂ ಸೇರಬೇಕು. ಮಗಳು ಪೂಜಾಳ ಮದುವೆ ಮುಂದಿನ ತಿಂಗಳಿತ್ತು. ತಾಳಿ ಮಾಡುವ ಪತ್ತಾರ ಚಿನ್ನ ಕರಗಿಸಲು ಬುಧವಾರದ ತನಕ ಕಾಯುತ್ತೇನೆ ಎಂದಿದ್ದ.

ಊರಿನ ಗುಡ್ಡ ಈಗ ಕಾಯ್ದಿಟ್ಟ ಕಾಡು, ಅಲ್ಲಿ ಮಣ್ಣು ಮುಟ್ಟುವ ಹಾಗಿಲ್ಲ. ಬೇಸಿಗೆಯಲ್ಲಿ ಹೋದ ಶಾಂತವ್ವ ಬರಿಗೈಯಲ್ಲಿ ಬಂದಿದ್ದಳು. ಆಗ ಅವಳಿಗೆ ನೆನಪಾದದ್ದು ಗೊರಾಯಿ, ಬೋರಿವಲಿಯಾಚೆ ಹಿನ್ನೀರಿನ ಖಾಡಿ ದಾಟಿದರೆ ಸಿಗುವ ಸಮುದ್ರದಂಡೆ. ಹಿಂದೊಮ್ಮೆ ಪಿಕ್ನಿಕ್ಕಿಗೆ ಹೋದಾಗ ಅಲ್ಲಿಯ ದಂಡೆಯಲ್ಲಿ ಕಾಡಿಗೆ ಎಳೆದಂತೆ ಕರಿಮರಳು ಕಂಡಿದ್ದಳಂತೆ. "ಕರಿ ಉಸುಕು ಇದ್ದಲ್ಲೆ ಬಂಗಾರ ಇರಾಕಬೇಕ್ರಿ ಅಕ್ಕಾರ. ಬಂಗಾರ ಒಬ್ಬಂಟಿ ಇರಂಗಿಲ್ಲ," ಎಂದು ಅಂದಿನಿಂದ ನನ್ನ ಜೀವ ತಿಂದಳು.

ಪವಾಯಿಯಲ್ಲಿ ಕಲ್ಲು ಮಣ್ಣಿನ ಶಾಸ್ತ್ರ ಕಲಿಸುವ ನನ್ನ ತಂಗಿಯ ಮಗನಿಗೆ ಫೋನು ಮಾಡಿದೆ. "ದೊಡ್ಡಮ್ಮಾ, ಮುಂಬಯಿ ಪೂರ್ತಿ ಲಾವಾ ಕಲ್ಲು. ಕರಿಮರಳು ಬೇಕಾದಷ್ಟು ಉಂಟು, ಚಿನ್ನ ಮಾತ್ರ ಇಲ್ಲ," ಎಂದ. ಅದನ್ನು ನಾನು ಶಾಂತವ್ವನಿಗೆ ಹೇಳಲಿಲ್ಲ. ಬದಲಿಗೆ ಮಾಡಿದ ಕೆಲಸವನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಹೊರಡುವ ಹಿಂದಿನ ದಿನ ಕಪಾಟಿನಿಂದ ನನ್ನ ಕರಿಮಣಿ ತೆಗೆದೆ. ನನ್ನವರು ತೀರಿಕೊಂಡು ಆರು ವರ್ಷ. ಅದು ಅಂದಿನಿಂದ ಕರ್ಚೀಫಿನಲ್ಲಿ ಸುತ್ತಿಕೊಂಡು ಕೂತಿತ್ತು. ಅದರ ಒಂದು ಚಿನ್ನದ ಗುಂಡನ್ನು ಅಡಕತ್ತರಿಯಲ್ಲಿಟ್ಟು ನಾಲ್ಕು ಚೂರು ಮಾಡಿ ಮಾತ್ರೆಯ ಡಬ್ಬಿಗೆ ಹಾಕಿಕೊಂಡೆ. ಗಂಡ ಸತ್ತವಳ ಚಿನ್ನ ಮದುಮಗಳ ತಾಳಿಗೆ ಹೋಗಬಹುದೇ ಎಂದು ಒಮ್ಮೆ ಅಡಕತ್ತರಿ ಕೆಳಗಿಟ್ಟದ್ದು ನಿಜ. ಆದರೂ ಕತ್ತರಿಸಿದೆ.

ಬೋರಿವಲಿಯಿಂದ ಬಸ್ಸು ಹಿಡಿದು ಗೊರಾಯಿ ಖಾಡಿಯ ಜೆಟ್ಟಿಗೆ ಹೋದೆವು. ಇಳಿತದ ಹೊತ್ತು, ಖಾಡಿಯ ಕೆಸರಿನ ವಾಸನೆ ಮೂಗಿಗೆ ಅಡರುತ್ತಿತ್ತು. ದೋಣಿಯಲ್ಲಿ ನಮ್ಮ ಜೊತೆ ನಾಲ್ಕು ಮೋಟರ್ ಸೈಕಲ್ಲು, ಎರಡು ಬುಟ್ಟಿ ಕೊತ್ತಂಬರಿ, ಒಂದು ಹೊಸ ಫ್ರಿಜ್ಜು. ಹತ್ತು ನಿಮಿಷದಲ್ಲಿ ಆಚೆ ದಡ. ಅಲ್ಲಿಂದ ಶೇರ್ ರಿಕ್ಷಾದಲ್ಲಿ ತೆಂಗಿನ ತೋಟ, ಶಿಲುಬೆ ನೆಟ್ಟ ತಿರುವು, ಒಣಮೀನು ಹರಡಿದ ಅಂಗಳಗಳನ್ನು ದಾಟಿ ಸಮುದ್ರಕ್ಕೆ ಬಂದೆವು. ಹಿಂದೆ ತಿರುಗಿದರೆ ಖಾಡಿಯ ಆಚೆ ಬೋರಿವಲಿಯ ಟವರುಗಳು ಕಾಣುತ್ತಿದ್ದವು.

ಶಾಂತವ್ವ ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ. ಗುಡ್ಡದ ಕಡೆಯಿಂದ ಇಳಿದು ದಂಡೆ ಸೇರುವ ಸಣ್ಣ ತೊರೆಯೊಂದನ್ನು ಹಿಡಿದು ಮೇಲೆ ನಡೆದಳು. ತೊರೆ ತಿರುಗುವ ಒಳ ಮಗ್ಗುಲಲ್ಲಿ, ಬಂಡೆಯ ಬೆನ್ನಿಗೆ ಕೂತಳು. ನೀರು ಅಲ್ಲಿ ಸುಸ್ತಾಗಿ ಭಾರವಾದದ್ದನ್ನು ಇಳಿಸುತ್ತದಂತೆ. ಮರಿಗೆಗೆ ಅರಿಶಿನ ಕುಂಕುಮ ಹಚ್ಚಿದಳು, ಪೂಜಾಳ ಹಣೆಗೆ ಇಟ್ಟಳು, ಆಮೇಲೆ ಭರಣಿಯನ್ನು ನನ್ನ ಕಡೆ ಚಾಚಿದಳು. ನಾನು ಹಿಂದೆ ಸರಿದು ಚಪ್ಪಲಿ ಬಿಚ್ಚುವ ನೆಪ ಮಾಡಿದೆ. ಅವಳು ಭರಣಿಯ ಮುಚ್ಚಳ ಹಾಕಿದಳು.

ಕೆಲಸ ಹೀಗೆ: ಮರಿಗೆಗೆ ನಾಲ್ಕು ಬೊಗಸೆ ಮರಳು, ನೀರು; ತೂಗಿ ತೂಗಿ ಮೇಲಿನ ಬಿಳಿ ಮರಳನ್ನು ಹೊರಗೆ ಹರಿಸಬೇಕು. ಕೊನೆಗೆ ತಳದಲ್ಲಿ ಕರಿಮರಳು ಉಗುರಿನ ಚಂದ್ರದಂತೆ ಉಳಿಯುತ್ತದೆ. ಅದರ ಅಂಚಿನಲ್ಲಿ ಹಳದಿ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಶಾಂತವ್ವನ ಸೊಂಟದಿಂದ ಮೇಲಿನ ಮೈಯೆಲ್ಲ ತೂಗುತ್ತಿತ್ತು, ಮುಖ ಮಾತ್ರ ಅಲುಗುತ್ತಿರಲಿಲ್ಲ. ಪೂಜಾ ಒಮ್ಮೆ ಕೈ ಹಾಕಿ ಮರಳೂ ನೀರೂ ಎಲ್ಲವನ್ನೂ ತನ್ನ ಜೀನ್ಸಿನ ಮೇಲೆ ಸುರಿದುಕೊಂಡಳು. "ಅವ್ವಾ, ಯೆ ಮೇರೆ ಬಸ್ ಕಾ ನಹೀಂ," ನನ್ನಿಂದಾಗದು ಎಂದು ನಕ್ಕಳು. ಆದರೆ ಪ್ರತಿ ಮರಿಗೆ ತಳ ಮುಟ್ಟುವಾಗಲೂ ಬಂದು ಬಗ್ಗಿ ನೋಡುತ್ತಿದ್ದಳು. ಹತ್ತು ಆಯಿತು, ಇಪ್ಪತ್ತು ಆಯಿತು, ಹಳದಿ ಇಲ್ಲ.

ಒಣಮೀನಿನ ಬುಟ್ಟಿ ಹೊತ್ತ, ಅಲ್ಲಿಯ ಮೀನುಗಾರ ಕೋಳಿ ಜನರ ಹೆಂಗಸೊಬ್ಬಳು ನಿಂತು, "ಕಾಯ್ ಶೋಧ್ತಾಯ್?" ಏನು ಹುಡುಕುತ್ತೀರಿ ಎಂದಳು. ಚಿನ್ನ ಎಂದೆ. ಬುಟ್ಟಿ ಇಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸೋನಂ ಪಾಹಿಜೆ ತರ್ ಘೋಳ್ ಪಕಡಾ!" ಘೋಳ್ ಎಂದರೆ ಭಾರೀ ಬೆಲೆಗೆ ಹೋಗುವ ಒಂದು ಮೀನು, ಚಿನ್ನ ಬೇಕಿದ್ದರೆ ಅದನ್ನು ಹಿಡಿಯಿರಿ ಎಂದು. ನಗು ಮುಗಿದ ಮೇಲೆ ಯಾಕೆಂದು ಕೇಳಿದಳು. ಮಗಳ ಮದುವೆಗೆ ಎಂದಾಗ ಒಂದು ಹಿಡಿ ಸುಕಟ್, ಎಂದರೆ ಒಣಸಿಗಡಿ, ಕಟ್ಟಿಕೊಟ್ಟು ಹೋದಳು.

ಮಧ್ಯಾಹ್ನದ ಬಿಸಿಲು ಬೆನ್ನು ಸುಡುತ್ತಿತ್ತು. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡೆವು. ಶಾಂತವ್ವ ಎರಡು ತುತ್ತಿಗೆ ಕೈ ತೊಳೆದಳು. "ಬರಿಗೈಲೆ ಹೋದರ ಈ ಪದ್ಧತಿ ನನ್ನ ಕಾಲಕ್ಕ ಮುಗೀತ್ರಿ. ಮುಂದ ಈಕಿ ತನ್ನ ಮಗಳಿಗೆ ಏನ ಹೇಳ್ಯಾಳು?" ಎಂದು ಎದ್ದು ಮುಖ ತೊಳೆಯಲು ತೊರೆಯ ಮೇಲಕ್ಕೆ ಹೋದಳು. ಪೂಜಾ ಫೋನಿನಲ್ಲಿ ಮದುವೆಯಾಗುವ ಹುಡುಗನ ಹತ್ತಿರ ಮಾತಾಡುತ್ತಿದ್ದಳು. ಕಳ್ಳರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಶಾಂತವ್ವ ತೊಳೆಯಲೆಂದು ರಾಶಿ ಹಾಕಿದ್ದ ಮರಳಿನಲ್ಲಿ ನಾಲ್ಕೂ ಚೂರು ಬೆರೆಸಿ, ದೂರ ಹೋಗಿ ಕೂತು ಸಮುದ್ರ ನೋಡಿದೆ.

ಊಟದ ಮೇಲಿನ ಮೂರನೇ ಮರಿಗೆಗೆ ಪೂಜಾ ಚೀರಿದಳು. "ಅವ್ವಾ, ಸಿಕ್ತು! ಆಂಟಿ, ದೇಖೋ ನಾ, ಸಚ್ಚಿ ಸಿಕ್ತು!" ಕರಿಮರಳಿನ ಅಂಚಿನಲ್ಲಿ ಎರಡು ಹಳದಿ ಚುಕ್ಕೆ. ಶಾಂತವ್ವ ಅವುಗಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಕಣ್ಣ ಹತ್ತಿರ ಹಿಡಿದಳು. ತುಂಬ ಹೊತ್ತು ಹಿಡಿದಳು. ಪೂಜಾ ಅಮ್ಮನ ಕೊರಳಿಗೆ ಜೋತುಬಿದ್ದು ಅಳುತ್ತಿದ್ದಳು. ಈ ಹುಡುಗಿಗೆ ಇದು ಇಷ್ಟು ಬೇಕಾಗಿತ್ತು ಎಂದು ನನಗೂ ಗೊತ್ತಿರಲಿಲ್ಲ. "ಹೂಂ, ಸಿಕ್ತು," ಎಂದಳು ಶಾಂತವ್ವ. ಮುಂದಿನ ಮರಿಗೆಯಲ್ಲಿ ಇನ್ನೊಂದು ಸಿಕ್ಕಿತು. ನಾಲ್ಕನೆಯದು ಸಿಗಲೇ ಇಲ್ಲ, ಅದು ಗೊರಾಯಿಯ ಪಾಲಾಯಿತು.

ಸಂಜೆ ಐದರ ದೋಣಿಯಲ್ಲಿ ಪೂಜಾ ಮುಂದೆ ನಿಂತು ಊರಿಗೆಲ್ಲ ಫೋನು ಮಾಡುತ್ತಿದ್ದಳು. ಶಾಂತವ್ವ ನನ್ನ ಪಕ್ಕಕ್ಕೆ ಸರಿದು ಕೂತಳು.

"ಹೊಳಿ ಬಂಗಾರಕ್ಕ ಅಂಚ ಇರಂಗಿಲ್ರಿ ಅಕ್ಕಾರ. ನೀರು ಉರುಳಿಸಿ ಉರುಳಿಸಿ ನುಣ್ಣಗ ಮಾಡಿರತೈತಿ. ಇದಕ್ಕ ಅಡಕತ್ತರಿ ಅಂಚ ಐತಿ."

ನಾನು ಅವಳ ಕೈ ಹಿಡಿದೆ. "ತಪ್ಪಾಯಿತು ಮಾರಾಯ್ತಿ. ಅದು ನನ್ನ ಕರಿಮಣಿಯದ್ದು. ಬೇಡದಿದ್ದರೆ ನೀರಿಗೆ ಬಿಸಾಡು, ನನಗೆ ಬೇಜಾರಿಲ್ಲ."

"ನನ್ನ ಮದವಿ ವರ್ಷನೂ ಹಳ್ಳ ಏನೂ ಕೊಡಲಿಲ್ಲ. ಅಪ್ಪ ಹೋದ ಮ್ಯಾಲೆ ತಗದಿಟ್ಟಿದ್ದ ಮೂಗುತಿ ಮುರದು ನಮ್ಮವ್ವ ಉಸುಕಿನಾಗ ಒಗದಿದ್ಲು. ಅಂಚ ನೋಡಿ ನನಗ ತಿಳೀತು. ಬಾಯಿ ಬಿಡಲಿಲ್ಲ. ನೀವೂ ಪೂಜಾಗ ಹೇಳಬ್ಯಾಡ್ರಿ."

ಶಾಂತವ್ವ ಚೂರುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಅವಳೇ ಅಂದಳು: "ಬಂಗಾರ ತಂದಾಕಿನೇ ತಾಳಿ ಪೋಣಿಸಬೇಕು, ನಮ್ಮಲ್ಲೆ ಹಂಗ ನಡಕೊಂಡ ಬಂದೈತಿ. ಪೂಜಾಂದು ನೀವ ಪೋಣಿಸಬೇಕ್ರಿ."

"ಗಂಡ ಸತ್ತವಳು ನಾನು. ಜನ ಎಂತ ಹೇಳಿಯಾರು?"

"ನಂದು ನಮ್ಮವ್ವನೇ ಪೋಣಿಸಿದ್ಲು. ಇಪ್ಪತ್ತೆಂಟು ವರ್ಷ ಆತು, ನನ್ನ ಸಂಸಾರ ಏನ ಕೆಟ್ಟೈತಿ?"

ಆರು ವರ್ಷದಿಂದ ಮದುವೆಗಳಲ್ಲಿ ನಾನು ಹಿಂದಿನ ಸಾಲಿನ ಕುರ್ಚಿ ಹಿಡಿಯುತ್ತೇನೆ, ಊಟಕ್ಕೆ ಕರೆದಾಗ ಮಾತ್ರ ಏಳುತ್ತೇನೆ. ಯಾರೂ ಹಾಗೆ ಕೂರು ಎಂದದ್ದಲ್ಲ. ಯಾರೂ ಮುಂದೆ ಬಾ ಎಂದೂ ಅನ್ನಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಮೂಗೊರೆಸಿಕೊಂಡು, ನನ್ನ ಕಣ್ಣಿಗೆ ಈಗ ಸೂಜಿಯ ತೂತೂ ಕಾಣುವುದಿಲ್ಲ, ಗುಂಡು ಪೋಣಿಸುವುದು ಹೇಗೆ ಎಂದೆ.

"ಹಂಗಾರ ಹೊಸ ಚಸ್ಮಾ ಮಾಡಿಸ್ಕೊಳ್ರಿ," ಎಂದಳು ಶಾಂತವ್ವ.

ದೋಣಿ ಜೆಟ್ಟಿಗೆ ತಾಗಿತು. ಮರುದಿನ ಬೆಳಿಗ್ಗೆ ದಹಿಸರ್ ಸ್ಟೇಷನ್ನಿನ ಹತ್ತಿರದ ಕನ್ನಡಕದ ಅಂಗಡಿ ಬಾಗಿಲು ತೆಗೆಯುವುದಕ್ಕೆ ಮೊದಲೇ ನಾನು ಹೋಗಿ ಮೆಟ್ಟಿಲಿನ ಮೇಲೆ ಕೂತಿದ್ದೆ.