ಇವರ ಕಾಲು ತಣ್ಣಗಾದ ಮೇಲೆ

ನಮ್ಮ ಮನೆಯವರು ಕರೆಂಟ್ ಮೀಟರ್ ಓದುವವರು. ಬೈಕಿನಲ್ಲಿ ಗಲ್ಲಿಗಲ್ಲಿ ಸುತ್ತಿ, ಮನೆಮನೆಯ ಗೇಟು ತೆಗೆಸಿ, ಮೀಟರ್ ಡಬ್ಬಿಯೊಳಗೆ ಇಣುಕಿ, ಹೆಗಲಿಗೆ ತೂಗುಹಾಕಿಕೊಂಡ ಪುಟ್ಟ ಮಿಷನ್ನಿನಿಂದ ಬಿಲ್ಲು ಹರಿದು ಕೊಡುವುದು ಇವರ ಕೆಲಸ. ಬಿಲ್ಲು ನೋಡಿದವರು ಯಾರೂ ಸುಮ್ಮನಿರುವುದಿಲ್ಲ. ನಾವು ಮನೆಯಲ್ಲೇ ಇರಲಿಲ್ಲ, ಫ್ಯಾನು ಹಾಕುವುದೇ ಇಲ್ಲ, ನಿಮ್ಮ ಮೀಟರಿಗೇ ಕಾಲು ಬಂದಿದೆ ಎಂದು ಜಗಳಕ್ಕೆ ನಿಲ್ಲುತ್ತಾರೆ. ಎಲ್ಲದಕ್ಕೂ ಇವರ ಉತ್ತರ ಒಂದೇ: "ಎಲ್ಲರೂ ಹಾಗೇ ಹೇಳ್ತಾರೆ." ಸಿಟ್ಟಿಲ್ಲದೆ, ನಗುನಗುತ್ತಲೇ ಹೇಳುತ್ತಾರೆ. ಆ ಮಾತನ್ನು ಚಪ್ಪಲಿಯ ಜೊತೆ ಹೊಸ್ತಿಲ ಹೊರಗೇ ಬಿಟ್ಟು ಒಳಗೆ ಬಂದಿದ್ದರೆ ನನಗೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಕೆಟ್ಟವರಲ್ಲ. ಪಕ್ಕದ ಮನೆಯ ಫ್ಯೂಸು ಹೋದರೆ ಊಟ ಬಿಟ್ಟು ಎದ್ದು ಹೋಗುತ್ತಾರೆ. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ, ತಳ ಸೀಯಿಸಿ, ಸೀದದ್ದನ್ನು ತಾವು ತಿಂದು ಮೇಲಿನದನ್ನು ನನಗೆ ಕೊಟ್ಟವರು. ಆದರೆ ಒಮ್ಮೆ ಒಂದು ವಿಷಯ ತಲೆಗೆ ಹೊಕ್ಕಿತೆಂದರೆ ಮುಗಿಯಿತು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಈ ಕಥೆಯೂ ಕಾಲಿನದೇ. ಮೀಟರ್ ಓದುವವರ ಬೈಕು ಓಡುವುದೇ ಇಲ್ಲ, ತೆವಳುತ್ತದೆ. ಒಂದು ಗೇಟಿನಿಂದ ಮುಂದಿನ ಗೇಟಿಗೆ, ಮತ್ತೆ ನಿಲ್ಲು, ಮತ್ತೆ ಹೊರಡು. ಇಂಜಿನ್ನಿಗೆ ಗಾಳಿ ಎಲ್ಲಿಂದ ಬರಬೇಕು? ಮಧ್ಯಾಹ್ನದ ಹೊತ್ತಿಗೆ ಕಾದು ಕೆಂಡವಾಗಿ, ಇವರ ಬಲಗಾಲಿನ ಒಳಮಗ್ಗುಲು ಬೇಯುತ್ತಿತ್ತು. ಸಂಜೆ ಬಂದವರೇ ಬಚ್ಚಲಲ್ಲಿ ಕುಳಿತು ಚೊಂಬುಗಟ್ಟಲೆ ನೀರು ಸುರಿದುಕೊಳ್ಳುತ್ತಿದ್ದರು. ಅಷ್ಟು ಹೊತ್ತೂ ಬೈಕು ಮಾಡಿದವರಿಗೆ ಶಾಪ. ನನಗೂ ಪಾಪ ಅನ್ನಿಸುತ್ತಿತ್ತು.

ಸರ್ವೀಸ್ ಸೆಂಟರಿಗೆ ಹೋದರೆ ಅಲ್ಲಿನ ಮ್ಯಾನೇಜರು, ಎಲ್ಲ ಗಾಡಿಯೂ ಹೀಗೇ ಸಾರ್, ಸ್ವಲ್ಪ ಜೋರಾಗಿ ಓಡಿಸಿ, ಗಾಳಿ ಬಡಿದರೆ ತಣ್ಣಗಾಗುತ್ತದೆ ಎಂದನಂತೆ. ಇವರು ಬಿಡದೆ ವಾದಿಸಿದ್ದಕ್ಕೆ, ಎಲ್ಲರೂ ಹಾಗೇ ಹೇಳ್ತಾರೆ ಎಂದು ನಕ್ಕನಂತೆ. ಅವತ್ತು ಇವರು ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ನನ್ನ ಕಾಲು ನನಗೆ ಗೊತ್ತೋ ಅವನಿಗೆ ಗೊತ್ತೋ ಎಂದು ಕೂಗಾಡಿದರು. ನಾನು ಪಾತ್ರೆಯ ಕಡೆ ತಿರುಗಿಕೊಂಡು ನಗು ನುಂಗಿದೆ.

ಆಮೇಲೆ ಸ್ವಂತ ಪ್ರಯೋಗಗಳು ಶುರುವಾದವು. ದಪ್ಪ ಪ್ಯಾಂಟು ಹಾಕಿದರು, ಬೆವರುಸಾಲೆ ಎದ್ದಿತು. ಸೈಲೆನ್ಸರಿನ ಕೊಳವೆಗೆ ಎಂಥದೋ ಪಟ್ಟಿ ಸುತ್ತಿದರು. ಅದು ಹೊಗೆ ಉಗುಳಿ, ಬೀದಿಯವರೆಲ್ಲ ಬೆಂಕಿ ಬಿತ್ತೆಂದು ಬಕೆಟ್ಟು ಹಿಡಿದು ಬಂದರು. ಕೊನೆಗೆ ಗುಜರಿಗೆ ಬಿದ್ದಿದ್ದ ಹಳೆಯ ಮೀಟರ್ ಡಬ್ಬಿಯ ಮುಚ್ಚಳವೊಂದನ್ನು ತಂದು, ತಗಡಿನ ಕೆಲಸದವನ ಹತ್ತಿರ ತಟ್ಟಿಸಿ, ಇಂಜಿನ್ನಿಗೂ ತಮ್ಮ ಬಲಗಾಲಿಗೂ ನಡುವೆ ಗೋಡೆಯಂತೆ ನಿಲ್ಲಿಸಿ ಬೋಲ್ಟು ಬಿಗಿದರು. ಅದು ಕೆಲಸ ಮಾಡಿತು. ಸಂಜೆ ಬಚ್ಚಲಿಗೆ ಹೋಗದೆ ಸೀದಾ ಅಡುಗೆಮನೆಗೆ ಬಂದು, ಕಾಲು ಮುಟ್ಟಿ ನೋಡು ಎಂದು ನನ್ನ ಕೈ ಎಳೆದರು. ನಿಜವಾಗಿಯೂ ತಣ್ಣಗಿತ್ತು. ಇವರ ಜೊತೆ ಕೆಲಸ ಮಾಡುವವರು ಬಂದು ಬಗ್ಗಿ ನೋಡಿ ಭೇಷ್ ಎಂದು ಹೋದರು.

ಆದರೆ ಇಂಜಿನ್ನಿನ ಬಿಸಿ ಇಂಜಿನ್ನಿನಲ್ಲೇ ಕೂತಿರುತ್ತದೆಯೇ? ನಾನು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಆ ಕಡೆಗೆ ಬಸ್ಸಿಲ್ಲ. ಸಂಜೆ ಇವರೇ ಬಂದು ಕರೆದುಕೊಂಡು ಹೋಗುತ್ತಾರೆ. ಹಿಂದಿನ ಸೀಟಿನಲ್ಲಿ ಆ ಕಡೆಗೊಂದು ಈ ಕಡೆಗೊಂದು ಕಾಲು ಹಾಕಿ ಕೂತರೆ, ಮೊದಲು ಪಕ್ಕಕ್ಕೆ ಹೋಗುತ್ತಿದ್ದ ಬಿಸಿಯೆಲ್ಲ ಈಗ ತಗಡಿನ ಗುಂಟ ಹರಿದುಬಂದು ನೇರವಾಗಿ ನನ್ನ ಬಲ ಮೀನಖಂಡಕ್ಕೆ ಬಡಿಯುತ್ತಿತ್ತು. ಗುಂಡಿಗೆ ಬಿದ್ದಾಗ ತಗಡಿನ ಹಿಂತುದಿ ಕಾದ ಕಾವಲಿಯ ಹಾಗೆ ಚುರ್ ಎಂದು ತಾಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದನ್ನು ಕೇಳಿದ್ದೆ. ಎಮ್ಮೆ ನಾನೇ ಆಗುತ್ತೇನೆ ಅಂದುಕೊಂಡಿರಲಿಲ್ಲ.

ಮೊದಲ ದಿನವೇ ಹೇಳಿದೆ. ಇವರು ನಕ್ಕು, ಎಲ್ಲರೂ ಹಾಗೇ ಹೇಳ್ತಾರೆ ಎಂದರು. ಯಾರು ಎಲ್ಲರೂ? ಆ ಸೀಟಿನಲ್ಲಿ ಕೂರುವವಳು ನಾನೊಬ್ಬಳೇ. ದಿನವಿಡೀ ಇಸ್ತ್ರಿಪೆಟ್ಟಿಗೆಯ ಹತ್ತಿರ ನಿಂತು ನಿನ್ನ ಮೈಯೇ ಕಾದಿರುತ್ತದೆ ಎಂದರು. ಬೊಬ್ಬೆ ಎದ್ದ ದಿನ ಕಾಲು ತೋರಿಸಿದೆ. ಫೋನಿನಿಂದ ತಲೆ ಎತ್ತದೆ, ಇಸ್ತ್ರಿಪೆಟ್ಟಿಗೆ ತಾಗಿರಬೇಕು ಎಂದರು. ಕಾಲಿನಲ್ಲಿ ಯಾರಾದರೂ ಇಸ್ತ್ರಿ ಮಾಡುತ್ತಾರೆಯೇ? ತಗಡಿನ ಹಿಂತುದಿಯನ್ನು ಒಂದಿಷ್ಟು ಹೊರಕ್ಕೆ ಬಗ್ಗಿಸಿ, ಬಿಸಿ ರಸ್ತೆಗೆ ಹೋಗಲಿ ಎಂದರೆ, ಗಾಡಿ ವಿಷಯ ನಿನಗೇನು ಗೊತ್ತು ಎಂದರು. ಅತ್ತೆಯ ಹಾಗೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂರುತ್ತೇನೆ ಎಂದರೆ, ಅಮ್ಮನಿಗಾದರೆ ಮಂಡಿನೋವು, ನಿನಗೇನು ಧಾಡಿ, ಬ್ಯಾಲೆನ್ಸು ತಪ್ಪುತ್ತದೆ ಎಂದರು. ಗೋಡೆಗೆ ಹೇಳಿದ್ದರೆ ಒಂದು ಹಲ್ಲಿಯಾದರೂ ಲೊಚಗುಟ್ಟುತ್ತಿತ್ತು.

ಒಂದು ಸಂಜೆ ಸಿಗ್ನಲ್ಲಿನಲ್ಲಿ ಉರಿ ತಡೆಯಲಾರದೆ ಇಳಿದುಬಿಟ್ಟೆ. ಹಸಿರು ದೀಪ ಬಿತ್ತು, ಇವರು ಹೊರಟೇ ಹೋದರು. ನಡೆದು ಮನೆ ಸೇರಿದಾಗ ಬಾಗಿಲಲ್ಲಿ ನಿಂತು, ಎಲ್ಲಿ ಬಿದ್ದೆ ಎಂದು ಗಾಬರಿಯಿಂದ ಕೇಳಿದರು. ಬೀಳಲಿಲ್ಲ, ಸುಟ್ಟಿತು, ಇಳಿದೆ ಎಂದೆ. ಬಿದ್ದಿಲ್ಲವಲ್ಲ, ಸದ್ಯ ಎಂದು ಒಳಗೆ ಹೋದರು. ಅವತ್ತು ನನಗೆ ಕಾಲಿಗಿಂತ ಹೊಟ್ಟೆಯೊಳಗೆ ಹೆಚ್ಚು ಉರಿಯಿತು. ಗಂಡನಿಗೆ ನನ್ನ ಒಂದು ಮಾತು ನಿಜ ಅನ್ನಿಸಲು ನಾನು ಇನ್ನೇನು ಮಾಡಬೇಕು? ಹಳೆಯ ಬೊಬ್ಬೆ ಒಣಗುವ ಮುಂಚೆ ಅದರ ಪಕ್ಕದಲ್ಲೇ ಹೊಸದು ಏಳುತ್ತಿತ್ತು.

ನಮ್ಮ ಅತ್ತೆ ಕಡಿಮೆ ಮಾತಿನವರು. ಆಡಿದ ಮಾತು ಮಾತ್ರ ಚಾಕುವಿನಂಥದು. ನನಗೂ ಅವರಿಗೂ ಅಷ್ಟಕ್ಕಷ್ಟೆ. ಕಳೆದ ವಾರ ಇವರು ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಬೈಕಿನಲ್ಲಿ ಕರೆದುಕೊಂಡು ಹೋದರು. ವಾಪಸು ಬಂದ ಅತ್ತೆ ಕುರ್ಚಿಯಲ್ಲಿ ಕೂತು, ಬಲಗಾಲು ನೀವಿಕೊಳ್ಳುತ್ತ ಮಗನಿಗೆ ಹೇಳಿದರು: "ನಿನ್ನ ಗಾಡಿ ನನ್ನ ಕಾಲು ಸುಟ್ಟುಬಿಡ್ತು ಕಣೋ. ಆ ತಗಡು ಇರೋವರೆಗೂ ನಾನು ಅದನ್ನ ಹತ್ತಲ್ಲ."

ಇವರು ತಲೆಯ ಮೇಲಿನ ಹೆಲ್ಮೆಟ್ಟನ್ನೂ ತೆಗೆಯದೆ ಪಾನಾ ಹುಡುಕಿಕೊಂಡು ಹೊರಗೆ ಓಡಿದರು. ಬೋಲ್ಟು ಕಳಚುವ ಸದ್ದು ಒಳಗೆ ಕೇಳಿಸುತ್ತಿತ್ತು. ನನ್ನ ಇಷ್ಟು ದಿನದ ಬೇಡಿಕೆ, ಜಗಳ, ಅಳು ಮಾಡದ ಕೆಲಸ ಅವರಮ್ಮನ ಒಂದು ಮಾತಿಗೆ ಆಗಿಹೋಯಿತು. ಆದರೂ ಮುದುಕಿಯ ಕಾಲಲ್ಲವೇ ಎಂದು ಹಲ್ಲು ಕಚ್ಚಿಕೊಂಡು ಮುಲಾಮು ತಂದು ಕೆಳಗೆ ಕೂತೆ. ಬಟ್ಟೆ ಸರಿಸಿ ನೋಡಿದರೆ ಕಾಲಿನಲ್ಲಿ ಒಂದು ಚುಕ್ಕೆಯೂ ಇಲ್ಲ. ಆಗ ಹೊಳೆಯಿತು. ಅತ್ತೆ ಕೂರುವುದು ಎರಡೂ ಕಾಲನ್ನು ಎಡಗಡೆ ಇಳಿಬಿಟ್ಟು. ತಗಡು, ಸೈಲೆನ್ಸರು ಎಲ್ಲ ಇರುವುದು ಬಲಗಡೆ. ಸುಡುವುದಾದರೂ ಹೇಗೆ? ಆ ಗಾಡಿಯ ಒಂದೊಂದು ಬೋಲ್ಟನ್ನೂ ಬಲ್ಲ ಇವರಿಗೆ ಅಷ್ಟೂ ತೋಚಿರಲಿಲ್ಲ.

ನಾನು ತಲೆ ಎತ್ತಿದೆ. ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮುಲಾಮು ನಿನ್ನ ಕಾಲಿಗೆ ಹಚ್ಕೋ. ನೀನು ಹೇಳೋದು ಅವನಿಗೆ ಕೇಳಿಸಲ್ಲ. ಅವರಪ್ಪನಿಗೂ ಕೇಳಿಸ್ತಿರಲಿಲ್ಲ. ನಾನೂ ಏನೇ ಇದ್ರೂ ನಮ್ಮತ್ತೆ ಬಾಯಲ್ಲೇ ಹೇಳಿಸ್ತಿದ್ದೆ."

ಕೈ ಮುಗಿಯಬೇಕಿತ್ತು, ಗೊತ್ತು. ಆದರೆ ನನಗೆ ಬಂದದ್ದು ಕೋಪ. ಇಲ್ಲದ ಗಾಯಕ್ಕೆ ಸಿಕ್ಕ ಮರ್ಯಾದೆ ಇರುವ ಗಾಯಕ್ಕೆ ಸಿಗಲಿಲ್ಲವಲ್ಲ. ಕೆಲಸ ಆಯ್ತಲ್ಲ, ಸುಮ್ಮನಿರು ಎಂದು ಅತ್ತೆ ಕಣ್ಣಲ್ಲೇ ಹೇಳಿದರು. ನನ್ನಿಂದ ಸುಮ್ಮನಿರಲು ಆಗಲಿಲ್ಲ. ಇವರು ತಗಡು ಹಿಡಿದು ಒಳಗೆ ಬಂದು, ಉರಿ ಕಡಿಮೆಯಾಯಿತೇ ಎಂದು ಅಮ್ಮನನ್ನು ಕೇಳುತ್ತಿದ್ದಾಗ, ನಾನು ಪ್ಯಾಂಟು ಮೇಲಕ್ಕೆ ಮಡಚಿ ಬಲಗಾಲನ್ನು ಸ್ಟೂಲಿನ ಮೇಲಿಟ್ಟೆ.

ಇವರು ಬಗ್ಗಿದರು. ಒಣಗಿದ ಕಲೆಗಳನ್ನೂ ನೀರು ತುಂಬಿದ ಹೊಸ ಬೊಬ್ಬೆಯನ್ನೂ ನೋಡಿದರು. ಮುಟ್ಟಲು ಹೋದ ಕೈ, ನೋಯುತ್ತದೆಂದು ಅರ್ಧದಲ್ಲೇ ನಿಂತಿತು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದರಲ್ಲಿ ನಾಟಕವಿರಲಿಲ್ಲ, ನಾನು ಬಲ್ಲೆ.

"ಅಯ್ಯೋ, ಇದ್ಯಾವಾಗ ಆಯ್ತು?" ಎಂದರು. "ಒಂದು ಮಾತು ನನಗೆ ಹೇಳಬಾರದಿತ್ತಾ?"